ಸೂಪರ್ ಫ್ಯಾಮಿಕಾಮ್ ಯಂತ್ರದ ಧ್ವನಿಕೋಶಗಳು: ಮೂಲಪಾಠವನ್ನು ಕುರಿತ ಒಂದು ವಿಚಾರ

ಜಪಾನಿನ ನಿಂಟೆಂಡೊ ಸಂಸ್ಥೆಯವರು ೧೯೯೦ನೆಯ ಇಸವಿ ನವೆಂಬರ್ ೨೧ರಂದು ಮಾರಾಟಕ್ಕೆ ತಂದ ಸೂಪರ್ ಫ್ಯಾಮಿಕಾಮ್ ಎಂಬ ವೀಡಿಯೋ ಗೇಮ್ ಯಂತ್ರವು ಇತಿಹಾಸದ ವ್ಯಾಸಂಗಕ್ಕೆ ತಕ್ಕ ವಸ್ತುವೇ ಎಂಬ ಸಂದೇಹ ಈ ಸಂಚಿಕೆಯ ಓದುಗರಲ್ಲಿ ಕೆಲವರಿಗಾದರೂ ಹುಟ್ಟುವುದು ಸಹಜ. ಆ ಯಂತ್ರದ ತಯಾರಿಕೆ ಜಪಾನಿನಲ್ಲಿ ೨೦೦೩ರಲ್ಲಿ ನಿಂತುಹೋಯಿತು. ಅದಕ್ಕಾಗಿ ಸಂಗೀತ ರಚಿಸಿದವರಲ್ಲಿ ಬಹುಮಂದಿ ಇನ್ನೂ ನಮ್ಮ ನಡುವೆ ಇದ್ದಾರೆ. ಅದನ್ನು ಕೇಳಿ ಬೆಳೆದ ಮಕ್ಕಳು ಈಗ ನಡುವಯಸ್ಸಿನವರು. ಇಷ್ಟು ಹತ್ತಿರದ ಕಾಲವನ್ನು ಇತಿಹಾಸಕಾರನು ಮುಟ್ಟಬಾರದೆಂಬ ಹಳೆಯ ಕಟ್ಟುಪಾಡೊಂದುಂಟು. ನಾವು ಅದನ್ನು ಮೀರಿರುವುದಕ್ಕೆ ಕಾರಣವಿಷ್ಟೆ: ಈ ಸಂಗೀತದ ವಿಷಯದಲ್ಲಿ ಆಧಾರಗಳು ನಮ್ಮ ಕಣ್ಣೆದುರಿಗೇ ಕಲಬೆರಕೆಯಾಗುತ್ತಿವೆ, ಹಾಗೆ ಕಲಬೆರಕೆಯಾದ ಆಧಾರವನ್ನು ನಂಬಿ ನಾವೇ ಒಮ್ಮೆ ತಪ್ಪು ಪಾಠ ಹೇಳಿದೆವು.

ಕೆಲವು ವರ್ಷಗಳ ಹಿಂದೆ ಎಂ.ಎ. ತರಗತಿಯಲ್ಲಿ ಇಪ್ಪತ್ತನೆಯ ಶತಮಾನದ ಜನಪ್ರಿಯ ಕಲೆಗಳನ್ನು ಕುರಿತು ಹೇಳುವಾಗ, ಸ್ಕ್ವೇರ್ ಸಂಸ್ಥೆಯ ‘ಫೈನಲ್ ಫ್ಯಾಂಟಸಿ ೬’ ಎಂಬ ಆಟದಲ್ಲಿ ಬರುವ ಗೀತನಾಟಕದ ದೃಶ್ಯವನ್ನು ಉದಾಹರಿಸಿ, ಅಲ್ಲಿ ಒಬ್ಬ ಗಾಯಕಿಯು ದೊಡ್ಡ ವಾದ್ಯವೃಂದದೊಡನೆ ಇಟಾಲಿಯನ್ ಭಾಷೆಯಲ್ಲಿ ಹಾಡುತ್ತಾಳೆಂದು ಹೇಳಿದೆವು. ಹಿಂದಿನ ಬೆಂಚಿನಿಂದ ವಿದ್ಯಾರ್ಥಿಯೊಬ್ಬನು ಎದ್ದು, “ಸರ್, ಆಟದಲ್ಲಿ ಯಾರೂ ಹಾಡುವುದಿಲ್ಲ, ಮಾತುಗಳು ಪರದೆಯ ಮೇಲೆ ಬರುತ್ತವೆ, ಅಷ್ಟೆ” ಎಂದನು. ಅವನು ಹೇಳಿದುದೇ ಸರಿ. ನಾವು ಕೇಳಿದ್ದುದು ಆಟವನ್ನಲ್ಲ. ಆಟವು ಹೊರಬಂದ ೧೯೯೪ನೆಯ ವರ್ಷದಲ್ಲಿಯೇ ಮಿಲಾನಿನ ವಾದ್ಯಗಾರರಿಂದ ನುಡಿಸಿ, ಗಾಯಕಿಯಿಂದ ಹಾಡಿಸಿ, ಬೇರೆಯಾಗಿ ಪ್ರಕಟಿಸಿದ ‘ಗ್ರ್ಯಾಂಡ್ ಫಿನಾಲೆ’ ಎಂಬ ಆಲ್ಬಮ್ಮನ್ನು. ಶಾಸನದ ಕಲ್ಲನ್ನು ನೋಡದೆ ಅದರ ಅನುವಾದವನ್ನೇ ಮೂಲವೆಂದು ಓದಿದವನಿಗೆ ಆಗುವ ಅವಮಾನ ನಮಗೂ ಆಯಿತು. ಪ್ರಸ್ತುತ ಲೇಖನವು ಆ ದಿನದ ಪ್ರಶ್ನೆಯಿಂದ ಹುಟ್ಟಿದುದು. ಈ ಬಗೆಯ ಸಂಗೀತಕ್ಕೆ ‘ಮೂಲ’ ಎಂದರೆ ಯಾವುದು?

ಉತ್ತರವನ್ನು ಹುಡುಕುವ ಮೊದಲು ಹಿಂದಿನ ಸಂಗತಿಗಳನ್ನು ಸ್ವಲ್ಪ ನೋಡಬೇಕು. ತೈತೊ ಸಂಸ್ಥೆಯ ‘ಸ್ಪೇಸ್ ಇನ್ವೇಡರ್ಸ್’ (೧೯೭೮) ಆಟದಲ್ಲಿ ಇಳಿಯುವ ನಾಲ್ಕೇ ಸ್ವರಗಳು ಮತ್ತೆ ಮತ್ತೆ ಬರುತ್ತಿದ್ದುವು. ಶತ್ರುಗಳು ಹತ್ತಿರವಾದಂತೆಲ್ಲ ಅವುಗಳ ವೇಗ ಏರುತ್ತಿತ್ತು. ೧೯೮೩ರ ಜುಲೈ ೧೫ರಂದು ಬಂದ ಫ್ಯಾಮಿಕಾಮ್ ಯಂತ್ರದಲ್ಲಿ ಐದು ಚಾನೆಲ್‌ಗಳಿದ್ದುವು: ಚೌಕದಲೆಗಳು ಎರಡು, ತ್ರಿಕೋನದಲೆ ಒಂದು, ಮೊರೆತ ಒಂದು, ಐದನೆಯದು ಮಾತ್ರ ಹೊರಗಿನಿಂದ ಮುದ್ರಿಸಿದ ಧ್ವನಿಯ ಸಣ್ಣ ತುಣುಕನ್ನು ಒರಟಾಗಿ ನುಡಿಸಬಲ್ಲುದು. ಮೊದಲ ನಾಲ್ಕರಲ್ಲಿ ವಾದ್ಯವೆಂಬುದು ಯಂತ್ರದೊಳಗೇ ಇರುವುದು. ಸಂಗೀತಗಾರನು ಕೊಡುವುದು ಸ್ವರ, ಕಾಲ, ಗಾತ್ರಗಳನ್ನು ಮಾತ್ರ. ಐದನೆಯದರಲ್ಲಿಯೇ ನಮ್ಮ ವಿಷಯದ ಬೀಜವಿರುವುದು. ೧೯೮೮ರ ‘ಸೂಪರ್ ಮಾರಿಯೊ ಬ್ರದರ್ಸ್ ೩’ ಆಟದ ಮದ್ದಳೆಯಂಥ ಬಡಿತಗಳು ಆ ಐದನೆಯ ಚಾನೆಲ್ಲಿನವು; ಸನ್‌ಸಾಫ್ಟ್ ಸಂಸ್ಥೆಯವರು ಅದೇ ಚಾನೆಲ್ಲಿನಲ್ಲಿ ಮಂದ್ರದ ತಂತಿವಾದ್ಯವನ್ನು ನುಡಿಸಿದರು. ನಮ್ಮ ಊರುಗಳಲ್ಲಿ ‘ಟಿ.ವಿ. ಗೇಮ್’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದುವು ಬಹುಮಟ್ಟಿಗೆ ಈ ಫ್ಯಾಮಿಕಾಮಿನ ನಕಲುಗಳೇ. ಹಲವು ಸಾವಿರ ಆಟಗಳಿವೆಯೆಂದು ಮೇಲೆ ಅಚ್ಚು ಹಾಕಿ ಒಳಗೆ ಹತ್ತಾರನ್ನೇ ತುಂಬಿದ ಹಳದಿ ಕ್ಯಾಸೆಟ್ಟುಗಳನ್ನು ಬಾಲ್ಯದಲ್ಲಿ ನಾವೂ ಹಾಕಿ ಆಡಿದ್ದೇವೆ. ಅದರ ಮುಂದಿನ ಯಂತ್ರವಾದ ಸೂಪರ್ ಫ್ಯಾಮಿಕಾಮ್ ನಮ್ಮ ಕಡೆ ಅಪರೂಪ. ಇಲ್ಲಿ ಅದರ ಸಂಗೀತವನ್ನು ಬಲ್ಲವರು ಬಹುಪಾಲು ಕಂಪ್ಯೂಟರಿನ ಮೂಲಕವೇ ಬಲ್ಲವರು. ನಮ್ಮ ತಪ್ಪಿಗೆ ಇದೂ ಒಂದು ಕಾರಣವೆಂದು ತೋರುತ್ತದೆ.

ಮತ್ತೊಂದು ಕವಲು ಪಶ್ಚಿಮದ್ದು. ಆಸ್ಟ್ರೇಲಿಯದಲ್ಲಿ ೧೯೭೯ರಲ್ಲಿ ಸಿದ್ಧವಾದ ಫೇರ್‌ಲೈಟ್ ಎಂಬ ಯಂತ್ರವು ಲೋಕದ ಯಾವ ಧ್ವನಿಯನ್ನಾದರೂ ಅಂಕಿಗಳಾಗಿ ಹಿಡಿದು, ಕೀಬೋರ್ಡಿನ ಮೇಲೆ ಸ್ವರಗಳಾಗಿ ನುಡಿಸಬಲ್ಲುದಾಗಿತ್ತು. ಅಂಥ ಹಿಡಿದ ಧ್ವನಿಯ ತುಣುಕಿಗೆ ‘ಸ್ಯಾಂಪಲ್’ ಎಂಬ ಮಾತು ರೂಢಿಯಾಗಿದೆ. ನಾವು ಅದನ್ನು ಧ್ವನಿಮಾದರಿ ಎಂದೂ, ಒಂದು ಕೃತಿಗಾಗಿ ಒಟ್ಟುಗೂಡಿಸಿದ ಮಾದರಿಗಳ ಸಮೂಹವನ್ನು ಧ್ವನಿಕೋಶ ಎಂದೂ ಕರೆಯುತ್ತೇವೆ. ಫೇರ್‌ಲೈಟಿನ ಬೆಲೆ ಶ್ರೀಮಂತ ಸ್ಟುಡಿಯೋಗಳಿಗೆ ಮಾತ್ರ ನಿಲುಕುತ್ತಿತ್ತು. ೧೯೮೫ರಲ್ಲಿ ಬಂದ ಅಮಿಗ ಎಂಬ ಮನೆಯ ಕಂಪ್ಯೂಟರು ನಾಲ್ಕು ಚಾನೆಲ್‌ಗಳಲ್ಲಿ ಅದೇ ಕೆಲಸವನ್ನು ಸಾಮಾನ್ಯರ ಕೈಗೆ ತಂದಿತು. ಜರ್ಮನಿಯ ಕಾರ್ಸ್ಟೆನ್ ಒಬಾರ್ಸ್ಕಿ ಅವರು ೧೯೮೭ರಲ್ಲಿ ಬರೆದ ‘ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್’ ಎಂಬ ಪ್ರೋಗ್ರಾಮಿನಲ್ಲಿ ಸ್ವರಲಿಪಿ ಮತ್ತು ಹದಿನೈದು ಧ್ವನಿಮಾದರಿಗಳು ಜೊತೆಯಾಗಿ ನಿಂತುವು. ವಾದ್ಯವೂ ಕೃತಿಯೂ ಒಂದೇ ಕಟ್ಟಿನಲ್ಲಿ ಪ್ರಯಾಣ ಮಾಡುವ ಈ ಪದ್ಧತಿ ನಮ್ಮ ವಿಚಾರಕ್ಕೆ ಬಹಳ ಮುಖ್ಯವಾದುದು.

ಇನ್ನು ಸೂಪರ್ ಫ್ಯಾಮಿಕಾಮ್. ಇದರ ಧ್ವನಿಭಾಗವನ್ನು ರೂಪಿಸಿದವರು ನಿಂಟೆಂಡೊ ಸಂಸ್ಥೆಯವರಲ್ಲ, ಸೋನಿಯ ಎಂಜಿನಿಯರ್ ಕೆನ್ ಕುತರಗಿ ಅವರು. ಯಂತ್ರದ ಒಳಗೇ ಇನ್ನೊಂದು ಪುಟ್ಟ ಯಂತ್ರವಿದ್ದಂತೆ ಅದರ ರಚನೆ: ತನ್ನದೇ ಸಂಸ್ಕಾರಕ, ತನ್ನದೇ ೬೪ ಕಿಲೋಬೈಟುಗಳ ನೆನಪು, ಎಂಟು ಚಾನೆಲ್‌ಗಳು. ಆಟವನ್ನು ನಡೆಸುವ ಮುಖ್ಯ ಸಂಸ್ಕಾರಕಕ್ಕೂ ಇದಕ್ಕೂ ನಡುವೆ ಇದ್ದುದು ಒಂದೊಂದು ಬೈಟಿನ ನಾಲ್ಕು ಕಿಂಡಿಗಳು ಮಾತ್ರ. ಹೊಸ ರಂಗಕ್ಕೆ ಬೇಕಾದ ಮಾದರಿಗಳೆಲ್ಲ ಕಾರ್ಟ್ರಿಜ್ಜಿನಿಂದ ಆ ಕಿಂಡಿಗಳ ಮೂಲಕವೇ ಒಳಕ್ಕೆ ಹೋಗಬೇಕು. ಎಲ್ಲಕ್ಕಿಂತ ದೊಡ್ಡ ಬದಲಾವಣೆಯೆಂದರೆ, ಈ ಯಂತ್ರದೊಳಗೆ ಸಿದ್ಧವಾದ ವಾದ್ಯ ಯಾವುದೂ ಇರಲಿಲ್ಲ. ಚೌಕದಲೆ ಬೇಕಾದರೂ ಅದನ್ನು ಧ್ವನಿಮಾದರಿಯಾಗಿಯೇ ಮಾಡಿ ತರಬೇಕು. ಬರಿಗೈಯಲ್ಲಿ ಬಂದರೆ ಮೊರೆತವೊಂದನ್ನು ಬಿಟ್ಟು ಮತ್ತೇನೂ ಹೊರಡದು. ಆದಕಾರಣ ಈ ಯಂತ್ರಕ್ಕೆ ಸಂಗೀತ ಬರೆಯುವವನು ಹಾಡಿಗಿಂತ ಮೊದಲು ವಾದ್ಯಗಳನ್ನು ಕಟ್ಟಿಕೊಳ್ಳಬೇಕಾಯಿತು.

ಆ ೬೪ ಕಿಲೋಬೈಟುಗಳ ಲೆಕ್ಕವನ್ನು ಓದುಗರು ಒಮ್ಮೆ ಕೈಯಾರೆ ಮಾಡಿ ನೋಡುವುದು ಒಳ್ಳೆಯದು. ಧ್ವನಿಯ ಹದಿನಾರು ಅಂಶಗಳನ್ನು ಒಂಬತ್ತು ಬೈಟುಗಳ ಒಂದು ಕಂತೆಯಾಗಿ ಕುಗ್ಗಿಸಿ ಇಡುವುದು ಯಂತ್ರದ ಪದ್ಧತಿ. ಒಂದು ಬೈಟು ಕಂತೆಯ ತಲೆಬರಹಕ್ಕೆ, ಉಳಿದ ಎಂಟು ಧ್ವನಿಗೆ. ೬೫,೫೩೬ ಬೈಟುಗಳಲ್ಲಿ ಹಿಡಿಸುವುದು ೭,೨೮೧ ಕಂತೆಗಳು, ಅಂದರೆ ೧,೧೬,೪೯೬ ಅಂಶಗಳು. ಯಂತ್ರವು ಸೆಕೆಂಡಿಗೆ ೩೨,೦೦೦ ಅಂಶಗಳನ್ನು ಹೊರಡಿಸುತ್ತದೆ. ಹೀಗಿರಲು, ಇಡೀ ನೆನಪನ್ನು ಧ್ವನಿಗೇ ಒಪ್ಪಿಸಿದರೂ ಪೂರ್ಣ ಸ್ಪಷ್ಟತೆಯಲ್ಲಿ ದೊರೆಯುವುದು ಮೂರೂವರೆ ಸೆಕೆಂಡಿಗಿಂತ ತುಸು ಹೆಚ್ಚು ಮಾತ್ರ. ಅದೂ ಸಾಧ್ಯವಿಲ್ಲ, ಹಾಡನ್ನು ನಡೆಸುವ ಪ್ರೋಗ್ರಾಮು, ಸ್ವರಲಿಪಿ, ಮಾದರಿಗಳ ಅನುಕ್ರಮಣಿಕೆ, ಕತ್ತಿಯ ಖಣಖಣ, ಹೆಜ್ಜೆಯ ಸದ್ದು ಎಲ್ಲವೂ ಇದೇ ಮನೆಯಲ್ಲಿ ವಾಸಮಾಡಬೇಕು.

ಧ್ವನಿಕೋಶ ಕಟ್ಟುವ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದನ್ನು ಪಿಟೀಲಿನ ಉದಾಹರಣೆಯಿಂದ ತಿಳಿಯಬಹುದು. ರೋಲೆಂಡ್, ಕೋರ್ಗ್ ಮೊದಲಾದ ಕೀಬೋರ್ಡಿನಿಂದಲೋ ನಿಜವಾದ ವಾದ್ಯದಿಂದಲೋ ಒಂದು ಸ್ವರವನ್ನು ಹಿಡಿಯುತ್ತಾರೆ. ಅದನ್ನು ಅರ್ಧ ಸ್ಪಷ್ಟತೆಗೆ, ಅಂದರೆ ಸೆಕೆಂಡಿಗೆ ೧೬,೦೦೦ ಅಂಶಗಳಿಗೆ ಇಳಿಸಿದರೂ, ಒಂದೇ ಸೆಕೆಂಡಿನ ಪಿಟೀಲು ೯,೦೦೦ ಬೈಟು ನುಂಗುತ್ತದೆ. ಆದುದರಿಂದ ಕಮಾನು ತಂತಿಯನ್ನು ಮುಟ್ಟುವ ಮೊದಲ ಕ್ಷಣವನ್ನು ಮಾತ್ರ ಉಳಿಸಿಕೊಂಡು, ಅನಂತರದ ದೀರ್ಘಧ್ವನಿಗೆ ಅಲೆಯ ಒಂದೆರಡು ಸುತ್ತುಗಳನ್ನು ಆರಿಸಿ, ಅವೇ ಮತ್ತೆ ಮತ್ತೆ ತಿರುಗುವಂತೆ ಮಾಡುತ್ತಾರೆ. ಇಲ್ಲಿ ಒಂದು ತೊಡಕುಂಟು. ತಿರುಗುವ ಭಾಗವು ಕಂತೆಯ ಅಂಚಿನಿಂದಲೇ ಪ್ರಾರಂಭವಾಗಬೇಕು. ಅದರ ಉದ್ದ ಹದಿನಾರರ ಗುಣಕವೇ ಆಗಬೇಕು. ಸೆಕೆಂಡಿಗೆ ೪೪೦ ಬಾರಿ ಕಂಪಿಸುವ ಸ್ವರದ ಒಂದು ಸುತ್ತು ೧೬,೦೦೦ ಅಂಶಗಳ ಲೆಕ್ಕದಲ್ಲಿ ಮೂವತ್ತಾರು ಚಿಲ್ಲರೆ ಅಂಶಗಳಾಗುತ್ತದೆ, ಇದು ಹೊಂದದು. ಆಗ ಮಾದರಿಯನ್ನು ಸೆಕೆಂಡಿಗೆ ೧೪,೦೮೦ ಅಂಶಗಳಿಗೆ ಮತ್ತೆ ಇಳಿಸಿದರೆ ಒಂದು ಸುತ್ತು ಸರಿಯಾಗಿ ಮೂವತ್ತೆರಡು ಅಂಶ, ಎರಡು ಕಂತೆ, ಹದಿನೆಂಟು ಬೈಟು. ಒಂಬತ್ತು ಸಾವಿರವೆಲ್ಲಿ, ಹದಿನೆಂಟೆಲ್ಲಿ! ಈ ಲೆಕ್ಕದಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಪ್ರತಿ ಸುತ್ತಿಗೂ ಟಿಕ್ಕೆನ್ನುವ ಸದ್ದು ಕೇಳುತ್ತದೆ, ಇಲ್ಲವೆ ವಾದ್ಯ ಶ್ರುತಿ ತಪ್ಪುತ್ತದೆ. ಒಂದೇ ಮಾದರಿಯನ್ನು ಮೂಲಸ್ವರದಿಂದ ಬಹಳ ದೂರ ಎಳೆದರೆ ಪಿಟೀಲು ಕೀಟದ ದನಿಯಾಗುತ್ತದೆ. ಹಾಗಾಗದಂತೆ ಎರಡನೆಯ ಮಾದರಿ ಇಟ್ಟರೆ ಮತ್ತಾವ ವಾದ್ಯವನ್ನೋ ಮನೆಯಿಂದ ಹೊರಗೆ ಹಾಕಬೇಕು.

ಪ್ರತಿಧ್ವನಿಯದು ಇನ್ನೂ ಕಠಿಣವಾದ ಆಯ್ಕೆ. ದೊಡ್ಡ ಸಭಾಂಗಣದಲ್ಲಿ ನುಡಿಸಿದಂಥ ಭ್ರಮೆಯನ್ನು ಕೊಡುವ ಪ್ರತಿಧ್ವನಿ ಈ ಯಂತ್ರದ ವಿಶೇಷ ಗುಣವೆಂದು ಎಲ್ಲರೂ ಹೊಗಳುತ್ತಾರೆ. ಆದರೆ ಅದಕ್ಕೆ ಬೆಲೆಯುಂಟು. ಪ್ರತಿ ೧೬ ಮಿಲಿಸೆಕೆಂಡು ತಡಕ್ಕೆ ಎರಡು ಕಿಲೋಬೈಟು ನೆನಪನ್ನು ಮೀಸಲಿಡಬೇಕು. ಅತಿ ದೀರ್ಘವಾದ ೨೪೦ ಮಿಲಿಸೆಕೆಂಡು ಬೇಕೆಂದವನು ೩೦ ಕಿಲೋಬೈಟನ್ನು, ಅಂದರೆ ಮನೆಯ ಅರ್ಧಕ್ಕೆ ಸಮೀಪವಾದ ಭಾಗವನ್ನು, ಬರಿಯ ಗಾಳಿಗೆ ಬಿಟ್ಟುಕೊಡುತ್ತಾನೆ. ವಾದ್ಯಗಳು ಹೆಚ್ಚಾದರೆ ಸಭಾಂಗಣ ಕಿರಿದಾಗುತ್ತದೆ. ಸಭಾಂಗಣ ದೊಡ್ಡದಾದರೆ ವಾದ್ಯಗಾರರನ್ನು ಕಳುಹಿಸಬೇಕಾಗುತ್ತದೆ. ಯಾವ ಆಟದಲ್ಲಿ ಯಾರು ಯಾವುದನ್ನು ಬಿಟ್ಟರು ಎಂಬುದು ಇಂದಿಗೂ ಕಾರ್ಟ್ರಿಜ್ಜಿನಲ್ಲಿ ಅಂಕಿಗಳಾಗಿ ಉಳಿದಿದೆ. ಇತಿಹಾಸಕಾರನಿಗೆ ಇಂಥ ನಿರ್ಣಯಗಳ ದಾಖಲೆ ಬೇರೆ ಯಾವ ಸಂಗೀತದಲ್ಲಿಯೂ ಇಷ್ಟು ಸ್ಪಷ್ಟವಾಗಿ ದೊರೆಯಲಾರದು.

ಯಂತ್ರದೊಡನೆಯೇ ಹೊರಬಂದ ‘ಸೂಪರ್ ಮಾರಿಯೊ ವರ್ಲ್ಡ್’ ಆಟದಲ್ಲಿ ಕೋಜಿ ಕೊಂಡೊ ಅವರು ಮಿತವ್ಯಯದ ದಾರಿಯನ್ನು ಹಿಡಿದರು. ಒಂದೇ ರಾಗದ ಧಾಟಿಯು ನೆಲದ ಮೇಲೆ, ನೀರಿನಲ್ಲಿ, ಆಕಾಶದಲ್ಲಿ ಬೇರೆ ಬೇರೆ ನಡೆಗಳಲ್ಲಿ ಬರುತ್ತದೆ. ಆಟಗಾರನು ಯೋಶಿ ಎಂಬ ಪ್ರಾಣಿಯನ್ನೇರಿದೊಡನೆ ಅದೇ ಹಾಡಿಗೆ ಬೊಂಗೊ ತಾಳ ಸೇರಿಕೊಳ್ಳುತ್ತದೆ. ಒಂದು ತಿಂಗಳೊಳಗೆ ಬಂದ ‘ಆಕ್ಟ್‌ರೈಸರ್’ನಲ್ಲಿ ಯೂಜೊ ಕೊಶಿರೊ ಅವರು ಇದಕ್ಕೆ ತೀರ ವಿರುದ್ಧವಾಗಿ, ತುತ್ತೂರಿ ಪಿಟೀಲುಗಳ ಸಿಂಫೊನಿಯ ಠೀವಿಯನ್ನು ತಂದರು. ಇಬ್ಬರ ಮುಂದೆಯೂ ಇದ್ದುದು ಒಂದೇ ೬೪ ಕಿಲೋಬೈಟು. ೧೯೯೪ರ ನವೆಂಬರಿನಲ್ಲಿ ಹೊರಬಂದ ‘ಡಾಂಕಿ ಕಾಂಗ್ ಕಂಟ್ರಿ’ಗಾಗಿ ಇಂಗ್ಲೆಂಡಿನ ರೇರ್ ಸಂಸ್ಥೆಯ ಡೇವಿಡ್ ವೈಸ್ ಅವರು ಮಾಡಿದ ಕೆಲಸ ಇನ್ನೊಂದು ಬಗೆಯದು. ಕೋರ್ಗ್ ವೇವ್‌ಸ್ಟೇಷನ್ ಎಂಬ ಕೀಬೋರ್ಡಿನಲ್ಲಿ ಹಲವು ಅಲೆಗಳು ಒಂದಾದ ಮೇಲೊಂದು ಬಂದು ನಾದದ ಬಣ್ಣ ಬದಲಾಗುತ್ತಾ ಹೋಗುತ್ತದೆ. ಆ ಪರಿಣಾಮವನ್ನು ಮುದ್ರಿಸಿ ತರಲು ಸ್ಥಳವಿಲ್ಲ. ವೈಸ್ ಅವರು ಬಹಳ ಚಿಕ್ಕ ಅಲೆಗಳನ್ನು ಧ್ವನಿಕೋಶದಲ್ಲಿಟ್ಟು, ಅವು ಯಾವ ಕ್ಷಣದಲ್ಲಿ ಒಂದರ ಸ್ಥಾನಕ್ಕೆ ಒಂದು ಬರಬೇಕೆಂಬುದನ್ನು ಅಂಕಿಗಳಲ್ಲಿ ಕೈಯಿಂದಲೇ ಬರೆದರು. ನೀರಿನೊಳಗಿನ ರಂಗದ ‘ಅಕ್ವಾಟಿಕ್ ಆಂಬಿಯನ್ಸ್’ ಎಂಬ ಕೃತಿಗೆ ಸುಮಾರು ಐದು ವಾರ ಹಿಡಿಯಿತೆಂದು ಅವರೇ ಹೇಳಿಕೊಂಡಿದ್ದಾರೆ.

ಇಂಥ ಉದಾಹರಣೆಗಳನ್ನು ಮುಂದಿಟ್ಟುಕೊಂಡು, ಮಿತಿಯೇ ಈ ಕಲೆಯನ್ನು ಹೆತ್ತಿತೆಂದು ಹೇಳುವ ಅಭಿಪ್ರಾಯವೊಂದು ಈಗ ಬಲವಾಗಿ ಬೇರೂರಿದೆ. ನಾವು ಇದನ್ನು ಒಪ್ಪಲಾರೆವು. ಸೂಪರ್ ಫ್ಯಾಮಿಕಾಮಿಗಾಗಿ ಜಪಾನಿನಲ್ಲಿ ಸಾವಿರಕ್ಕೂ ಮಿಕ್ಕ ಆಟಗಳು ಬಂದುವು. ಅವೆಲ್ಲಕ್ಕೂ ಮಿತಿ ಒಂದೇ. ಅವುಗಳಲ್ಲಿ ಹೆಚ್ಚಿನವುಗಳ ಸಂಗೀತವನ್ನು ಇಂದು ಕೇಳುವವರಿಲ್ಲ. ಮಿತಿಯೇ ಹೆತ್ತಿದ್ದರೆ ಮಕ್ಕಳೆಲ್ಲರೂ ಒಂದೇ ಬಗೆಯಾಗಬೇಕಾಗಿತ್ತು. ಅದಕ್ಕಿಂತ ಮುಖ್ಯವಾಗಿ, ಮಿತಿಯೆಂಬುದು ಯಂತ್ರದ ಗುಣ ಮಾತ್ರವಲ್ಲ, ವ್ಯಾಪಾರದ ನಿರ್ಣಯವೂ ಹೌದು. ‘ಸೂಪರ್ ಮಾರಿಯೊ ವರ್ಲ್ಡ್’ ಕಾರ್ಟ್ರಿಜ್ಜಿನ ಗಾತ್ರ ೪ ಮೆಗಾಬಿಟ್, ‘ಫೈನಲ್ ಫ್ಯಾಂಟಸಿ ೬’ರದು ೨೪, ‘ಡಾಂಕಿ ಕಾಂಗ್ ಕಂಟ್ರಿ’ಯದು ೩೨. ಧ್ವನಿಯ ನೆನಪು ೬೪ ಕಿಲೋಬೈಟೇ ಆದರೂ, ಅದನ್ನು ರಂಗರಂಗಕ್ಕೂ ಹೊಸದಾಗಿ ತುಂಬಲು ಬೇಕಾದ ಉಗ್ರಾಣ ಕಾರ್ಟ್ರಿಜ್ಜು. ಅದರ ಗಾತ್ರ ಏರಿದಂತೆ ತಯಾರಿಕೆಯ ವೆಚ್ಚವೂ ಏರುತ್ತಿತ್ತು. ೧೯೯೫ರ ಡಿಸೆಂಬರಿನಲ್ಲಿ ಬಂದ ‘ಟೇಲ್ಸ್ ಆಫ್ ಫ್ಯಾಂಟೇಸಿಯ’ದ ೪೮ ಮೆಗಾಬಿಟ್ ಕಾರ್ಟ್ರಿಜ್ಜಿನಲ್ಲಿ, ಆಟದ ಪ್ರಾರಂಭದಲ್ಲಿ ಮಾನವಕಂಠದ ಹಾಡೇ ಕೇಳಿಸುತ್ತದೆ. ಯಂತ್ರ ಅದೇ, ಬದಲಾದುದು ಹಣ ಹೂಡುವವರ ಮನಸ್ಸು. ಮಿತಿಯನ್ನು ಹೊಗಳುವವರು ಅದನ್ನು ವಿಧಿಸಿದವರು ಯಾರೆಂದು ಕೇಳುವುದನ್ನು ಮರೆಯುತ್ತಾರೆ.

ಮರೆತುಹೋದ ಮತ್ತೊಂದು ಸಂಗತಿ ಹೆಸರುಗಳದು. ಆ ಕಾಲದ ಜಪಾನಿನ ಆಟಗಳಲ್ಲಿ ಸಂಗೀತಗಾರರ ನಿಜನಾಮ ಬರುವುದು ಖಂಡಿತವಾಗಿರಲಿಲ್ಲ. ಕೊನಾಮಿಯವರದು ‘ಕುಕೇಹಾ ಕ್ಲಬ್’, ಅಂದರೆ ಚೌಕದಲೆಯ ಬಳಗ, ತೈತೊದವರದು ‘ಜುಂಟಾಟ’, ಕ್ಯಾಪ್ಕಾಮಿನವರದು ‘ಆಲ್ಫ್ ಲೈಲ’. ವ್ಯಕ್ತಿಗಳು ಬಳಗದ ಹೆಸರಿನ ಹಿಂದೆ ಅಡಗಿದರು, ಅಥವಾ ಅಡಗಿಸಲ್ಪಟ್ಟರು. ೧೯೮೬ರ ‘ಕ್ಯಾಸಲ್‌ವೇನಿಯ’ದಲ್ಲಿ ಸಂಗೀತಗಾರರೆಂದು ತೋರಿಸಿದ ಹೆಸರು ‘ಜೇಮ್ಸ್ ಬನಾನ’. ಆ ಹಾಸ್ಯದ ಹೆಸರಿನ ಹಿಂದೆ ಇದ್ದವರು ಕಿನುಯೊ ಯಮಶಿತ ಎಂಬ ಮಹಿಳೆ. ಯೋಕೊ ಶಿಮೊಮುರ, ಜುಂಕೊ ತಾಮಿಯ ಮೊದಲಾಗಿ ಅಂದಿನ ಸಂಗೀತ ವಿಭಾಗಗಳಲ್ಲಿ ಮಹಿಳೆಯರು ಅನೇಕರಿದ್ದರೆಂಬುದು ಇಂಥ ಮುಸುಕುಗಳ ದೆಸೆಯಿಂದ ಬಹುಕಾಲ ಹೊರಗಿನವರಿಗೆ ತಿಳಿಯದೆ ಹೋಯಿತು. ಇದಕ್ಕೆ ಪ್ರತಿಯಾಗಿ ಕೊಶಿರೊ ಅವರ ಹೆಸರು ಸೆಗ ಸಂಸ್ಥೆಯ ‘ಸ್ಟ್ರೀಟ್ಸ್ ಆಫ್ ರೇಜ್ ೨’ (೧೯೯೨) ಆಟದ ಮೊದಲ ಪರದೆಯ ಮೇಲೆಯೇ ಬರುತ್ತದೆ. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಿದ ಗೌಹರ್ ಜಾನ್ ಅವರು ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಸಾರುತ್ತಿದ್ದುದು ಇಲ್ಲಿ ನೆನಪಿಗೆ ಬರುತ್ತದೆ. ಮೂರು ನಿಮಿಷದ ಆ ತಟ್ಟೆಯ ಮಿತಿಯಲ್ಲಿಯೂ ಹೆಸರಿಗೆ ಎಡೆ ದೊರೆಯಿತು. ಅವರು ಕೊನೆಯ ದಿನಗಳನ್ನು ಮೈಸೂರಿನ ಆಸ್ಥಾನದಲ್ಲಿ ಕಳೆದು ೧೯೩೦ರಲ್ಲಿ ಅಲ್ಲಿಯೇ ತೀರಿಕೊಂಡರು. ಮುದ್ರಣದ ಕೋಣೆಯ ಆ ಪದ್ಧತಿಯಿಂದಲೇ ಅವರ ತಟ್ಟೆಗಳು ಇಂದಿಗೂ ಯಾರವೆಂಬ ಸಂಶಯಕ್ಕೆ ಎಡೆಗೊಡುವುದಿಲ್ಲ.

ಧ್ವನಿಕೋಶದ ವಿಷಯದಲ್ಲಿ ಹೆಸರಿನ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಕೊಶಿರೊ ಅವರಂತೆ ತಮ್ಮ ಸಂಗೀತವನ್ನು ತಾವೇ ಕಂಪ್ಯೂಟರಿನ ಭಾಷೆಯಲ್ಲಿ ಬರೆದವರು ಕೆಲವರು. ‘ಫೈನಲ್ ಫ್ಯಾಂಟಸಿ’ಯಲ್ಲಿ ರಾಗಗಳು ನೊಬುವೊ ಉಏಮಾತ್ಸು ಅವರವು, ಅವನ್ನು ಯಂತ್ರ ನುಡಿಸುವಂತೆ ಮಾಡಿದವರು ಮಿನೋರು ಅಕಾವೊ ಎಂಬ ಧ್ವನಿ ಪ್ರೋಗ್ರಾಮರು. ನಾವು ‘ಉಏಮಾತ್ಸು ಅವರ ಪಿಟೀಲು’ ಎನ್ನುವಾಗ ಆ ಪಿಟೀಲಿನ ಸುತ್ತನ್ನು ಕತ್ತರಿಸಿ ಜೋಡಿಸುವುದರಲ್ಲಿ ಎರಡನೆಯ ಕೈಯೊಂದು ದುಡಿದಿದೆಯೆಂಬುದನ್ನು ನೆನೆಯುವುದಿಲ್ಲ. ಹೊಯ್ಸಳರ ಗುಡಿಗಳಲ್ಲಿ ವಿಗ್ರಹದ ಕೆಳಗೆ ರೂವಾರಿಗಳು ತಮ್ಮ ಹೆಸರನ್ನು ಕೊರೆದಿರುವುದರಿಂದ ಮಲ್ಲಿತಮ್ಮನನ್ನು ನಾವು ಬಲ್ಲೆವು. ಧ್ವನಿಮಾದರಿಯ ಕೆಳಗೆ ಅಂಥ ಪೀಠವಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕಾರ್ಟ್ರಿಜ್ಜಿನ ಸಂಗೀತವನ್ನು ಯಂತ್ರವಿಲ್ಲದೆ ಕೇಳುವುದಕ್ಕಾಗಿ ೧೯೯೦ರ ದಶಕದ ಕೊನೆಯಲ್ಲಿ ಹವ್ಯಾಸಿಗಳು ಒಂದು ಉಪಾಯ ಕಂಡುಕೊಂಡರು. ಹಾಡು ಪ್ರಾರಂಭವಾಗುವ ಕ್ಷಣದಲ್ಲಿ ಆ ೬೪ ಕಿಲೋಬೈಟುಗಳನ್ನು ಇದ್ದುದು ಇದ್ದಂತೆಯೇ ನಕಲು ಮಾಡಿ ೬೬,೦೪೮ ಬೈಟುಗಳ ಒಂದು ಕಡತದಲ್ಲಿ ಇಡುವುದು. ಎಸ್‌ಪಿಸಿ ಎಂಬ ಹೆಸರಿನ ಈ ಕಡತವು ನಮ್ಮ ಪರಿಭಾಷೆಯಲ್ಲಿ ಶಾಸನದ ಪಡಿಯಚ್ಚಿಗೆ ಸಮಾನವಾದುದು. ಧ್ವನಿಕೋಶ, ಸ್ವರಲಿಪಿ, ನಡೆಸುವ ಪ್ರೋಗ್ರಾಮು ಮೂರನ್ನೂ ಒಟ್ಟಿಗೆ ಹಿಡಿಯುತ್ತದೆ. ವಿದ್ಯಾರ್ಥಿಗಳಿಗೆ ಇದಕ್ಕಿಂತ ಹೆಚ್ಚು ಉಪಯುಕ್ತವಾದ ಆಧಾರ ಸುಲಭವಾಗಿ ಸಿಗದು. ಆದರೆ ಪಡಿಯಚ್ಚಿನ ದೋಷವೂ ಇದಕ್ಕುಂಟು. ಅದು ಒಂದು ಕ್ಷಣದ ಚಿತ್ರ. ‘ಟೇಲ್ಸ್ ಆಫ್ ಫ್ಯಾಂಟೇಸಿಯ’ದ ಹಾಡಿನಂತೆ, ನುಡಿಯುತ್ತಿರುವಾಗಲೇ ಕಾರ್ಟ್ರಿಜ್ಜಿನಿಂದ ಧ್ವನಿ ಒಳಕ್ಕೆ ಹರಿದುಬರುವಲ್ಲಿ, ಆ ಕ್ಷಣದ ಅನಂತರ ಬಂದುದು ಅಚ್ಚಿನಲ್ಲಿ ಇರುವುದಿಲ್ಲ. ಹಾಗೆಯೇ ಯಂತ್ರದ ಧ್ವನಿಭಾಗಕ್ಕೆ ಕಾಲಮಾನ ಕೊಡುವ ಸೆರಾಮಿಕ್ ಬಿಲ್ಲೆಯ ವೇಗ ಕಾವಿಗೆ ತಕ್ಕಂತೆ ತುಸು ಬದಲಾಗುವುದರಿಂದ, ಎರಡು ಮನೆಗಳ ಎರಡು ಯಂತ್ರಗಳಲ್ಲಿ ಒಂದೇ ಹಾಡಿನ ಶ್ರುತಿ ಎಳೆಯಷ್ಟು ಬೇರೆಯಾಗಬಹುದು. ಕಡತವು ಕಲ್ಲಲ್ಲ.

ಇತ್ತೀಚಿನ ವರ್ಷಗಳಲ್ಲಿ ಇದಕ್ಕಿಂತ ಗಂಭೀರವಾದ ಸಮಸ್ಯೆಯೊಂದು ತಲೆದೋರಿದೆ. ಕುಗ್ಗಿಸಿದ ಮಾದರಿಗಳು ಯಾವ ಕೀಬೋರ್ಡಿನಿಂದ, ಯಾವ ಸಿದ್ಧ ಧ್ವನಿಸಂಗ್ರಹದಿಂದ ಬಂದುವೆಂಬುದನ್ನು ಆಸಕ್ತರು ಅಸಾಧಾರಣ ಶ್ರಮದಿಂದ ಪತ್ತೆಹಚ್ಚಿ, ಆ ಕುಗ್ಗದ ಧ್ವನಿಗಳನ್ನೇ ಮತ್ತೆ ಹಾಡಿನೊಳಗೆ ಕೂರಿಸಿ, ಇದೇ ‘ಪುನರುದ್ಧಾರ’ವೆಂದು ಪ್ರಕಟಿಸುತ್ತಿದ್ದಾರೆ. ಪತ್ತೆಯ ಕೆಲಸವನ್ನು ನಾವು ಮನಸಾರೆ ಮೆಚ್ಚುತ್ತೇವೆ. ಯಾವ ವಾದ್ಯ ಎಲ್ಲಿಂದ ಬಂತೆಂಬ ಜ್ಞಾನ ಅದರಿಂದಲೇ ಬಂದುದು. ಆದರೆ ಫಲವನ್ನು ಮೂಲವೆನ್ನುವುದು ಸರಿಯೆ? 

ರಚಿಸಿದವನು ತನ್ನ ಮೇಜಿನ ಬಳಿ ಕೇಳಿದ್ದುದು ಕುಗ್ಗದ ಧ್ವನಿಯನ್ನೇ ಎಂಬುದು ಅವರ ವಾದ. ಈ ವಾದ ಎಲ್ಲರಿಗೂ ಒಂದೇ ರೀತಿಯಾಗಿ ಅನ್ವಯಿಸದು. ವೈಸ್ ಅವರು ಬರೆದುದು ಯಂತ್ರದ ಅಂಕಿಗಳಲ್ಲಿಯೇ. ಕುಗ್ಗಿದ ಅಲೆಗಳೇ ಅವರ ಕೃತಿಯ ದ್ರವ್ಯ. ಅದಕ್ಕೆ ಹಿಂದಿನ ‘ಶುದ್ಧ’ ಪಾಠವೊಂದನ್ನು ಕಲ್ಪಿಸುವುದು ಇಲ್ಲದ ಹಸ್ತಪ್ರತಿಯನ್ನು ಸಂಪಾದಿಸಿದಂತೆ. ರಾಗವನ್ನು ಒಬ್ಬರು ಕೊಟ್ಟು ಯಂತ್ರಕ್ಕೆ ಇನ್ನೊಬ್ಬರು ಅಳವಡಿಸಿದ ಕೃತಿಗಳಲ್ಲಿ ವಾದಕ್ಕೆ ಸ್ವಲ್ಪ ಬಲವುಂಟು. ಅಲ್ಲಿಯೂ ಸಹ, ಯಂತ್ರವು ಎರಡು ಅಂಶಗಳ ನಡುವಣ ಅಲೆಯನ್ನು ನಯಗೊಳಿಸುವಾಗ ಮೇಲಿನ ನಾದಗಳು ಮಂಕಾಗುತ್ತವೆಂಬುದನ್ನು ಬಲ್ಲ ಅಳವಡಿಕೆಯವರು ಅದಕ್ಕೆ ತಕ್ಕ ಮಾದರಿಗಳನ್ನೇ ಆರಿಸಿದ್ದಾರೆ. ಪುನರುದ್ಧಾರದಲ್ಲಿ ಮೊದಲು ಅಳಿಸಿಹೋಗುವುದು ಈ ಎರಡನೆಯ ಕೈಯ ಕೆಲಸ. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದವರಿಗೆ, ಲಿಪಿಕಾರನ ಸ್ಖಾಲಿತ್ಯವನ್ನು ತಿದ್ದುವುದಕ್ಕೂ ಕವಿಯ ಮಾತನ್ನೇ ತಿದ್ದುವುದಕ್ಕೂ ಇರುವ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಲಿಪಿಕಾರನೇ ಅರ್ಧ ಕವಿ.

ಗೀತನಾಟಕದ ದೃಶ್ಯದ ಪಾಠಾಂತರಗಳನ್ನು ಸಾಲಾಗಿ ಇಟ್ಟು ನೋಡಿದರೆ ಇದು ಇನ್ನೂ ಸ್ಪಷ್ಟವಾದೀತು. ೧೯೯೪ರ ಏಪ್ರಿಲ್ ೨ರಂದು ಬಂದ ಕಾರ್ಟ್ರಿಜ್ಜಿನಲ್ಲಿ ಹಾಡುವುದು ಕಂಠದಂತೆ ಕೇಳುವ ಒಂದು ಧ್ವನಿಮಾದರಿ. ಅದಕ್ಕೆ ಸ್ವರವುಂಟು, ಮಾತಿಲ್ಲ. ಮಾತು ಪರದೆಯ ಮೇಲೆ ಬರುತ್ತದೆ. ಸೆಲೆಸ್ ಎಂಬ ಪಾತ್ರದ ಪರವಾಗಿ ಆಟಗಾರನು ಮುಂದಿನ ಸಾಲು ಯಾವುದೆಂದು ನೆನಪಿನಿಂದ ಆರಿಸಬೇಕು. ತಪ್ಪಿದರೆ ನಾಟಕ ಕೆಡುತ್ತದೆ. ಅಂದರೆ ಹಾಡಿನ ಮಾತನ್ನು ತನ್ನ ಮನಸ್ಸಿನಲ್ಲಿ ಹಾಡಿಕೊಳ್ಳುವವನು ಆಟಗಾರನೇ. ಅದೇ ವರ್ಷದ ಆಲ್ಬಮ್ಮಿನಲ್ಲಿ ಗಾಯಕಿಯೂ ಇಟಾಲಿಯನ್ ಮಾತೂ ಬಂದುವು. ೨೦೦೬ರ ಗೇಮ್ ಬಾಯ್ ಅಡ್ವಾನ್ಸ್ ಆವೃತ್ತಿಯಲ್ಲಿ ಬೇರೊಂದು ಯಂತ್ರದ ಧ್ವನಿಭಾಗಕ್ಕಾಗಿ ಎಲ್ಲವೂ ಮರಳಿ ಅಳವಟ್ಟಿತು. ವಾದ್ಯಗಳ ಬಣ್ಣ ಬದಲಾಯಿತು. ೨೦೨೨ರ ಫೆಬ್ರವರಿಯಲ್ಲಿ ಬಂದ ‘ಪಿಕ್ಸೆಲ್ ರೀಮಾಸ್ಟರ್’ನಲ್ಲಿ ದೃಶ್ಯದೊಳಗೇ ಗಾಯಕರು ಹಲವು ಭಾಷೆಗಳಲ್ಲಿ ನಿಜವಾಗಿ ಹಾಡುತ್ತಾರೆ. ಆ ಹಾಡುಗಾರಿಕೆ ಕೇಳಲು ಸೊಗಸಾಗಿದೆ. ಆದರೆ ೧೯೯೪ರ ಮಗುವೊಂದು ಟಿ.ವಿ.ಯ ಮುಂದೆ ಕುಳಿತು ಮಾತಿಲ್ಲದ ದನಿಗೆ ತಾನೇ ಮಾತು ಕೂಡಿಸಿದ ಅನುಭವವನ್ನು ಅದರಿಂದ ತಿಳಿಯಲು ಬಾರದು. ಮುಂದಿನ ತಲೆಮಾರಿನ ಅಧ್ಯಾಪಕರು ಈ ಕೊನೆಯ ಪಾಠವನ್ನೇ ಮೊದಲನೆಯದೆಂದು ಬಗೆದರೆ, ಆ ತಪ್ಪು ನಮ್ಮ ತಪ್ಪಿನ ತಮ್ಮನೇ ಆದೀತು.

ಧ್ವನಿಕೋಶ ಕಟ್ಟುವ ಕೆಲಸ ಸೂಪರ್ ಫ್ಯಾಮಿಕಾಮಿನೊಡನೆ ಮುಗಿಯಲಿಲ್ಲ. ಕುತರಗಿ ಅವರೇ ಮುಂದಾಳಾಗಿ ರೂಪಿಸಿದ ಪ್ಲೇಸ್ಟೇಷನ್ (೧೯೯೪) ಸಿ.ಡಿ.ಯನ್ನು ತಂದು, ಮುದ್ರಿಸಿದ ಸಂಗೀತವನ್ನೇ ನುಡಿಸಲು ದಾರಿ ಮಾಡಿದರೂ, ಅಲ್ಲಿಯೂ ೫೧೨ ಕಿಲೋಬೈಟಿನ ಧ್ವನಿನೆನಪಿನಲ್ಲಿ ಕೋಶ ಕಟ್ಟುವವರಿದ್ದರು. ೧೯೯೪ರ ಸುಮಾರಿಗೆ ಈ-ಮ್ಯು ಮತ್ತು ಕ್ರಿಯೇಟಿವ್ ಸಂಸ್ಥೆಗಳವರು ತಂದ ‘ಸೌಂಡ್‌ಫಾಂಟ್’ ಎಂಬ ಕಡತವು ಯಾರು ಬೇಕಾದರೂ ತಮ್ಮ ಕೋಶವನ್ನು ಕಟ್ಟಿ ಹಂಚುವಂತೆ ಮಾಡಿತು. ಟೋಬಿ ಫಾಕ್ಸ್ ಅವರ ‘ಅಂಡರ್‌ಟೇಲ್’ (೨೦೧೫) ಆಟದ ಸಂಗೀತದಲ್ಲಿ, ಹಳೆಯ ಆಟಗಳಿಂದ ಎತ್ತಿ ಮಾಡಿದ ಇಂಥ ಕೋಶಗಳ ವಾದ್ಯಗಳು ಕೇಳಿಸುತ್ತವೆ. ಇಂದು ಹವ್ಯಾಸಿಗಳು ತಾವಾಗಿಯೇ ೬೪ ಕಿಲೋಬೈಟಿನ ಗೆರೆಯೊಳಗೆ ನಿಂತು ಹೊಸ ಹಾಡುಗಳನ್ನು ಬರೆಯುವುದೂ ಉಂಟು. ಅವರಿಗೆ ಗೆರೆ ಒಂದು ಛಂದಸ್ಸು. ೧೯೯೦ರಲ್ಲಿ ಅದು ಸಂಬಳಕ್ಕೆ ದುಡಿಯುವವರ ಮೇಲಿದ್ದ ಕಟ್ಟಳೆ. ಕೇಳುವ ಕಿವಿಗೆ ಎರಡೂ ಒಂದೇ ಆಗಿರಬಹುದು, ಇತಿಹಾಸಕ್ಕೆ ಒಂದಲ್ಲ.

ಅಂದು ಎದ್ದು ನಿಂತ ವಿದ್ಯಾರ್ಥಿಯು ತರುವಾಯ ನಮ್ಮ ಮಾರ್ಗದರ್ಶನದಲ್ಲಿಯೇ ಈ ವಿಷಯವನ್ನು ಕುರಿತು ಪ್ರಬಂಧ ಬರೆದನು. ಯಾರು ಯಾರಿಗೆ ಮಾರ್ಗ ತೋರಿಸಿದರೆಂಬುದನ್ನು ಇಲ್ಲಿ ಚರ್ಚಿಸುವ ಅಗತ್ಯವಿಲ್ಲ. ಪ್ರಬಂಧದ ಅನುಬಂಧವಾಗಿ ಅವನು ನಲವತ್ತು ಹಾಡುಗಳ ಪಟ್ಟಿಯೊಂದನ್ನು ಕೊಟ್ಟಿದ್ದಾನೆ. ಯಾವ ವರ್ಷದ ಯಾವ ಕಾರ್ಟ್ರಿಜ್ಜಿನಿಂದ ಕೇಳಿದುದು, ಮಾದರಿಗಳೆಷ್ಟು, ಪ್ರತಿಧ್ವನಿಗೆ ಬಿಟ್ಟ ಸ್ಥಳವೆಷ್ಟು, ಪಡಿಯಚ್ಚಿನ ಕಡತವು ಪೂರ್ಣವೋ ಅಪೂರ್ಣವೋ, ರಾಗ ಯಾರದು, ಇಷ್ಟೂ ಅದರಲ್ಲಿವೆ. ಕೊನೆಯ ಅಂಕಣದ ತಲೆಬರಹ ‘ಧ್ವನಿಕೋಶ ಕಟ್ಟಿದವರು’ ಎಂದು. ಆಟಗಳ ಕೊನೆಯಲ್ಲಿ ಬರುವ ಹೆಸರುಗಳ ಪರದೆಗಳನ್ನೆಲ್ಲ ಓದಿದ ಮೇಲೆಯೂ, ನಲವತ್ತರಲ್ಲಿ ಇಪ್ಪತ್ತೊಂಬತ್ತು ಸಾಲುಗಳಲ್ಲಿ ಆ ಅಂಕಣ ಬರಿದಾಗಿಯೇ ಇದೆ.